ಅಮ್ಮನ ಕಲ್ಲಿನ ಎರಡು ಗೆರೆ

"ಮೆಲ್ಲಗೆ ಕಣ್ರಯ್ಯಾ, ಮೂಲೆ ಮುರಿದೀತು," ಎಂದು ಚರ್ಚಿನ ಸಭೆಯ ಹಿರಿಯರೊಬ್ಬರು ಹೇಳುತ್ತಿದ್ದಂತೆ ನಾಲ್ವರು ಕರಿಕಲ್ಲನ್ನು ವ್ಯಾನಿನಿಂದ ಇಳಿಸಿ ಸ್ಮಶಾನದ ಗೇಟಿಗೆ ಒರಗಿಸಿದರು. ಅಪ್ಪನ ಪೆಟ್ಟಿಗೆ ಇನ್ನೂ ಗುಂಡಿಗೆ ಇಳಿದಿರಲಿಲ್ಲ, ಆಗಲೇ ಸಮಾಧಿಯ ಕಲ್ಲು ಬಂದು ನಿಂತಿತ್ತು. ಮಗಳು ಹತ್ತಿರ ಹೋಗಿ ಓದಿದಳು. ಹೆಸರು, ತಾರೀಕು, ಅದರ ಕೆಳಗೆ ಬಂಗಾರದ ಬಣ್ಣದಲ್ಲಿ 'ಎಲ್ಲರ ಪ್ರೀತಿಗೆ ಪಾತ್ರನಾದ ಸಭೆಯ ಸೇವಕ'.

"ಇದನ್ನ ಯಾರು ಬರೆಸಿದ್ದು?"

"ನಾನೇ ಕಣಮ್ಮ. ಈಗೆಲ್ಲ ಮೆಷಿನ್ನು, ಗಂಟೆ ಕೆಲಸ. ನಿಮ್ಮಪ್ಪನ ಹಾಗೆ ವಾರಗಟ್ಟಲೆ ಕುಟ್ಟೋ ಹಾಗಿಲ್ಲ." ಹಿರಿಯರು ಅವಳ ತಲೆ ಸವರಿದರು. "ಹಳೇದೆಲ್ಲ ಬಿಟ್ಟುಬಿಡೋಣ. ಸತ್ತೋರ ಮೇಲೆ ಎಂಥ ಹಗೆ?"

ಹಿಂದೆ ಯಾರೋ ಹೆಂಗಸು ಮೂಗೊರೆಸಿಕೊಂಡು, "ದೇವರಂಥ ಮನುಷ್ಯ," ಎಂದಳು. ಸತ್ತ ಎಮ್ಮೆಗೆ ಹಾಲು ಹೆಚ್ಚು. ಇಪ್ಪತ್ತು ವರ್ಷ ಚರ್ಚಿನಲ್ಲಿ ಅಪ್ಪ ಕೂತ ಬೆಂಚಿನಲ್ಲಿ ಕೂರದವರು ಇವರೇ.

* * *

ಸಮಾಧಿಯ ಕಲ್ಲಿಗೆ ಅಕ್ಷರ ಕೆತ್ತುವುದು ಅಪ್ಪನ ಕಸುಬು. ಹೆಸರಿನ ಕೆಳಗೆ ಯಾರಾದರೂ ಒಂದು ಒಳ್ಳೆಯ ಮಾತು ಬೇಕೆಂದರೆ, "ನಿಜವಾ?" ಎಂದು ಮುಖಕ್ಕೇ ಕೇಳುತ್ತಿದ್ದ. "ಪುನರುತ್ಥಾನದ ದಿನ ಕೆಳಗಿರೋನು ಎದ್ದು ಮೊದಲು ಓದೋದು ಇದನ್ನೇ. ಆಗ ಅವನಿಗೆ ನಾಚಿಕೆ ಆಗಬಾರದು."

ಇದೇ ಹಿರಿಯರ ತಂದೆ ಅನಾಥಾಲಯ ನಡೆಸಿದವರು. ಅವರು ತೀರಿಕೊಂಡಾಗ ಕಲ್ಲಿಗೆ 'ಅನಾಥರ ತಂದೆ' ಎಂದು ಕೆತ್ತಬೇಕೆಂದು ಸಭೆಯವರು ಬಂದರು. ಅಪ್ಪ ಬೆಳೆದದ್ದು ಆ ಅನಾಥಾಲಯದಲ್ಲೇ. ಅವನು ಅಂಗಿ ಬಿಚ್ಚಿ ಬೆನ್ನು ತಿರುಗಿಸಿ ನಿಂತ. ಬೆತ್ತದ ಬಾಸುಂಡೆಯ ಗುರುತುಗಳು ಸೊಂಟದವರೆಗೂ ಇದ್ದವು.

"ಅವರು ಬರೆದದ್ದು ಇಲ್ಲಿದೆ. ನಾನು ಬೇರೆ ಬರೆಯೋಕಾಗಲ್ಲ."

ಯಥಾರ್ಥವಾದಿ ಲೋಕವಿರೋಧಿ. ಅಂದಿನಿಂದ ಸಭೆಯ ಒಂದು ಕಲ್ಲೂ ಅವನ ಅಂಗಳಕ್ಕೆ ಬರಲಿಲ್ಲ. ಅಪ್ಪ ಊರೂರು ಅಲೆದು ಮೆಟ್ಟಿಲುಕಲ್ಲು ಕಡಿದ. ಅಮ್ಮ ಕಂಡವರ ಬಟ್ಟೆ ಒಗೆದೂ ಒಗೆದೂ ಎದೆಗೆ ಥಂಡಿ ಹಿಡಿದು ಎರಡೇ ವರ್ಷದಲ್ಲಿ ಹೋಗಿಬಿಟ್ಟಳು. ಮಗಳಿಗೆ ಆಗ ಹದಿನೆಂಟು.

"ಅಮ್ಮನ ಕಲ್ಲಿಗೆ 'ಪ್ರೀತಿಯ ಹೆಂಡತಿ' ಅಂತ ಕೆತ್ತಪ್ಪ," ಎಂದಳು.

ಕೆತ್ತುವ ಮುಂಚೆ ಅಕ್ಷರದ ಎತ್ತರಕ್ಕೆ ಮೇಲೊಂದು ಕೆಳಗೊಂದು ಗೆರೆ ಎಳೆಯುವುದು ರೂಢಿ. ಅಪ್ಪ ಮೊಳೆಯಿಂದ ಎರಡೂ ಗೆರೆ ಗೀರಿದ. ಉಳಿ ಇಟ್ಟ, ತೆಗೆದ.

"ಪ್ರೀತಿ ಮಾಡೋನು ಹೆಂಡತೀನ ಹೀಗೆ ಸಾಯೋಕೆ ಬಿಡ್ತಾನಾ? ಅವಳು ಎದ್ದು ಓದಿದ್ರೆ ಏನು ಹೇಳಲಿ?"

"ಆ ಮುದುಕನಿಗೆ ಒಂದು ಸುಳ್ಳು ಕೆತ್ತಿದ್ದಿದ್ರೆ ಅಮ್ಮ ಬದುಕಿರ್ತಿದ್ಲು."

ಅದೇ ವಾರ ಮನೆ ಬಿಟ್ಟವಳು ಮತ್ತೆ ಬಂದದ್ದು ಹದಿನೆಂಟು ವರ್ಷದ ಮೇಲೆ, ಇವತ್ತು. ಅಮ್ಮನ ಕಲ್ಲಿನಲ್ಲಿ ಆ ಗೆರೆಗಳ ನಡುವಿನ ಜಾಗ ಖಾಲಿಯಾಗೇ ಉಳಿದಿತ್ತು.

* * *

"ಈ ಕಲ್ಲು ಬೇಡ," ಎಂದಳು ಮಗಳು.

ಹಿರಿಯರ ಮುಖ ಗಂಟಾಯಿತು. "ಸಮಿತಿ ಒಪ್ಪದೆ ಇಲ್ಲಿ ಬೇರೆ ಕಲ್ಲು ನಿಲ್ಲೋದಿಲ್ಲ. ಇದಿಲ್ಲಾಂದ್ರೆ ನಿಮ್ಮಪ್ಪನ ಹೆಸರೂ ಇರಲ್ಲ, ಯೋಚನೆ ಮಾಡು."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪನಿಗಾಗಿ ಜಗಳ ಆಡುವಷ್ಟು ಮಮತೆ ಅವಳಲ್ಲಿ ಉಳಿದಿರಲೂ ಇಲ್ಲ. ಆದರೂ ಆ ಬಂಗಾರದ ಸಾಲು ಓದಿದಷ್ಟೂ ಮೈ ಉರಿಯುತ್ತಿತ್ತು.

"ಇಷ್ಟೆಲ್ಲ ಮಾತಾಡ್ತೀಯಲ್ಲ, ನೀನು ಅವನನ್ನ ಪ್ರೀತಿಸಿದ್ಯಾ?" ಹಿರಿಯರು ತಗ್ಗಿದ ದನಿಯಲ್ಲಿ ಕೇಳಿದರು.

"ಇಲ್ಲ. ಅದಕ್ಕೇ ಬೇಡ. 'ಎಲ್ಲರ' ಅಂತಿದೆ ಇದರಲ್ಲಿ. ಅದರಲ್ಲಿ ನಾನೂ ಬರ್ತೀನಿ, ನೀವೂ ಬರ್ತೀರಿ."

"ಅಪ್ಪನ ಅಚ್ಚೇ ಕಣೇ," ಎಂದಳು ಆಗಲೇ ಮೂಗೊರೆಸಿಕೊಂಡಿದ್ದ ಹೆಂಗಸು. ಕಲ್ಲು ಮತ್ತೆ ವ್ಯಾನು ಹತ್ತಿತು. ಪಾಸ್ಟರು ಚುಟುಕಾಗಿ ಪ್ರಾರ್ಥನೆ ಮುಗಿಸಿದರು. ಪೆಟ್ಟಿಗೆಯ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿ ಎಲ್ಲರೂ ಹೊರಟುಹೋದರು.

ಅಮ್ಮನ ಪಕ್ಕದಲ್ಲೇ ಅಪ್ಪನ ಗುಂಡಿ. ಮಣ್ಣು ಮುಚ್ಚಿ ಸಮ ಮಾಡುತ್ತಿದ್ದ ಸ್ಮಶಾನದ ಕಾವಲಿನ ಮುದುಕ ಸನಿಕೆ ಊರಿ ನಿಂತ.

"ಅಮ್ಮ ಹೋದ ದಿನ ವರ್ಷವರ್ಷ ಬರೋರು ಕಣಮ್ಮ ನಿಮ್ಮಪ್ಪ. ಆ ಎರಡು ಗೆರೆ ಮಧ್ಯೆ ಪೆನ್ಸಿಲಲ್ಲಿ ಏನೋ ಬರೆದು, ಮಧ್ಯಾಹ್ನದವರೆಗೂ ನೋಡ್ತಾ ಕೂರೋರು. ಆಮೇಲೆ ಎಂಜಲು ಹಚ್ಚಿ ಒರೆಸಿಬಿಡೋರು."

"ಏನು ಬರೀತಿದ್ರು?"

"ನನಗೆ ಓದೋಕೆ ಬರಲ್ವಲ್ಲ ತಾಯಿ. ಪ್ರತಿ ಸಲ ಅದೇ ಎರಡು ಮಾತು, ಅಷ್ಟು ಗೊತ್ತು."

ಅವಳು ಅಮ್ಮನ ಕಲ್ಲಿನ ಗೆರೆಗಳ ನಡುವೆ ಬೆರಳಾಡಿಸಿದಳು. ಹದಿನೆಂಟು ವರ್ಷದಲ್ಲಿ ಒಂದು ಸಲ ಬಂದು ಅವನ ಪಕ್ಕ ಕೂತಿದ್ದರೆ ತಾನೇ ಓದಬಹುದಿತ್ತು. ಅಲ್ಲೇ ಕೂತು ಅತ್ತಳು, ಅಪ್ಪನಿಗೋ ಅಮ್ಮನಿಗೋ ಅವಳಿಗೇ ತಿಳಿಯಲಿಲ್ಲ.

ಅತ್ತು ಮುಗಿದ ಮೇಲೆ ಒಂದು ಕಡ್ಡಿ ಎತ್ತಿಕೊಂಡಳು. ಅಮ್ಮನ ಕಲ್ಲಿನ ಗೆರೆಗಳ ಅಂತರವನ್ನು ಬೆರಳಲ್ಲಿ ಅಳೆದು, ಅಪ್ಪನ ಹಸಿಮಣ್ಣಿನ ಮೇಲೆ ಅಷ್ಟೇ ಎತ್ತರಕ್ಕೆ ಎರಡು ಗೆರೆ ಎಳೆದು, ನಡುವೆ 'ಪ್ರೀತಿಯ' ಎಂದು ಬರೆದಳು. ಸುಮಾರು ಹೊತ್ತು ನೋಡುತ್ತ ಕೂತಳು.

ಆಮೇಲೆ ಅಂಗೈಯಿಂದ ಒರೆಸಿದಳು. ಗೆರೆಗಳೂ ಅಳಿಸಿಹೋದವು. ಮತ್ತೆ ಕಡ್ಡಿ ಎತ್ತಿಕೊಂಡು ಎರಡು ಗೆರೆಗಳನ್ನು ಮಾತ್ರ ಎಳೆದು ಎದ್ದಳು.