ಬಂದರಿನಲ್ಲಿ ಅಳದ ತೊಕಿಯೆ

ನಮ್ಮ ಕುರೊಸೆ ಬಂದರಿನಲ್ಲಿ ಒಂದು ಹಾಡಿನ ನೆನಪಿಗೆ ಸ್ಮಾರಕದ ಕಲ್ಲು ನಿಲ್ಲಿಸುವುದೆಂದು ಪುರಸಭೆಯವರು ತೀರ್ಮಾನಿಸಿದಾಗ ನನ್ನನ್ನು ಯಾರೂ ಕೇಳಲಿಲ್ಲ. ಕಲ್ಲಿನಲ್ಲೊಂದು ಗುಂಡಿ, ಒತ್ತಿದರೆ ಹಾಡು. ಅದೂ ಸರಿಯಾಗಿ ನನ್ನ ಒಣಮೀನಿನ ಅಂಗಡಿಯ ಎದುರಿಗೇ.

ಎಂಬತ್ತರ ದಶಕದ ಮೊದಲಲ್ಲಿ ಜಪಾನಿನಲ್ಲಿ ಆ ಹಾಡು ಕೇಳದ ಕಿವಿಯೇ ಇರಲಿಲ್ಲ. ಹಡಗು ಹೊರಡುತ್ತದೆ, ಹಿಮ ಸುರಿಯುತ್ತದೆ, ಉದ್ದ ಕೂದಲಿನ ಹೆಣ್ಣೊಬ್ಬಳು ಕುರೊಸೆಯ ದಕ್ಕೆಯ ಮೇಲೆ ನಿಂತು ಅಳುತ್ತಾಳೆ. ಆ ಕಾಲದ ಹಾಡುಗಳಲ್ಲಿ ಹೆಂಗಸರಿಗೆ ಅಳುವುದು ಬಿಟ್ಟರೆ ಬೇರೆ ಕಸುಬೇ ಇರುತ್ತಿರಲಿಲ್ಲ.

ನನ್ನ ಪಕ್ಕದ ಕ್ಷೌರದಂಗಡಿಯ ತೊಕಿಯೆ ಅಕ್ಕನಿಗೆ ಆ ಹೆಣ್ಣನ್ನು ಕಂಡರಾಗುತ್ತಿರಲಿಲ್ಲ. ರೇಡಿಯೊದಲ್ಲಿ ಹಾಡು ಬಂದಾಗಲೆಲ್ಲ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಲೇ ಬೈಯುತ್ತಿದ್ದಳು: "ಮೂಗು ಒರೆಸ್ಕೊಂಡು ಮನೆಗೆ ಹೋಗೇ, ಅಳುಬುರುಕಿ! ಒಲೆ ಮೇಲೆ ಅನ್ನ ಸೀದು ಹೋಗ್ತಿರುತ್ತೆ."

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಲ್ಲಿನ ಅನಾವರಣ. ಹಾಡು ಬರೆದ ಕವಿಯೇ ಟೋಕಿಯೊದಿಂದ ಬಂದಿದ್ದ. ಲೋಕಕ್ಕೆಲ್ಲ ಅವನು ಗೊತ್ತಿದ್ದದ್ದು ನಮಿಜಿ ಎಂಬ ಕಾವ್ಯನಾಮದಿಂದ. ಹಳೆಯ ಅಂಗಡಿಯವರೆಂದು ನನ್ನನ್ನೂ ತೊಕಿಯೆಯನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ರೇಷ್ಮೆಯ ಕೊರಳವಸ್ತ್ರ ಸುತ್ತಿಕೊಂಡ ಮುದುಕ ವೇದಿಕೆ ಹತ್ತಿದ್ದೇ ತಡ, ತೊಕಿಯೆ ನನ್ನ ತೊಡೆ ಚಿವುಟಿದಳು.

"ಯಾಸುಯೊ, ಇವನು ಕವಿ ಅಲ್ಲ ಕಣೇ. ಸೆರಿತಾ! ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಸೋಮಾರಿ!"

"ಸುಮ್ನಿರಕ್ಕ, ಮೇಯರ್ ನೋಡ್ತಿದಾರೆ."

ಕವಿ ಮೈಕು ಹಿಡಿದ. ಯೌವನದಲ್ಲಿ ಈ ಊರಿನ ಕ್ಷೌರದಂಗಡಿಯ ಮಹಡಿಯಲ್ಲಿ ಎಂಟು ತಿಂಗಳು ಇದ್ದೆನೆಂದ. ಆ ಮನೆಯ ಹುಡುಗಿ ತನ್ನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದಳೆಂದ. ಕೊನೆಗೆ ದನಿ ನಡುಗಿಸಿ, "ನನ್ನ ದಾರಿ ಕಾಯುತ್ತಲೇ ಆಕೆ ತೀರಿಕೊಂಡಳೆಂದು ಕೇಳಿದೆ" ಎಂದ.

ನಮ್ಮೂರಿನಲ್ಲಿರುವುದು ಒಂದೇ ಕ್ಷೌರದಂಗಡಿ. ಇನ್ನೂರು ತಲೆಗಳು ಒಟ್ಟಿಗೆ ನಮ್ಮ ಕಡೆ ತಿರುಗಿದವು. ಅವುಗಳಲ್ಲಿ ಅರ್ಧಕ್ಕೆ ತೊಕಿಯೆಯೇ ಕತ್ತರಿ ಆಡಿಸಿದ್ದಳು.

ಅವಳು ಎದ್ದು ನಿಂತಳು. "ಮೇಯರ್ ಸಾಹೇಬ್ರೆ, ನಿನ್ನೆ ನಿಮ್ಮ ಗಡ್ಡ ಹೆರೆದದ್ದು ಯಾರು, ನನ್ನ ದೆವ್ವಾನಾ?"

ಮೇಯರ್ ಗಲ್ಲ ಮುಟ್ಟಿಕೊಂಡರು. ಕವಿಯ ಮುಖ ಬಿಳಿಚಿತು. "ತೊ... ತೊಕಿಯೆ ಅವ್ರೇ? ಬದುಕಿದೀರಾ?"

"ನಿನ್ನ ದಾರಿ ಕಾಯೋದೊಂದು ಬಿಟ್ಟು ಬೇರೆಲ್ಲ ಮಾಡ್ಕೊಂಡು ಬದುಕಿದೀನಪ್ಪ. ನನಗೆ ಉದ್ದ ಕೂದಲು ಯಾವಾಗಿತ್ತೋ? ಹಿಮ ಎಲ್ಲಿತ್ತೋ? ಆಗಸ್ಟ್ ತಿಂಗಳು, ಬೆವರು ಸುರೀತಿತ್ತು. ನಮ್ಮಪ್ಪನ ಕ್ಷೌರದ ಕತ್ತೀಲಿ ನೀನು ಕಾಲುಗುರು ಕತ್ತರಿಸ್ಕೊಂಡೆ ಅಂತ ನಿನ್ನ ಗಂಟುಮೂಟೆ ಕಿಟಕಿಯಿಂದ ಬಿಸಾಕಿದ್ದು ನಾನು. ದಕ್ಕೆವರೆಗೂ ಅತ್ಕೊಂಡು ಹೋದದ್ದು ನೀನು!"

ಜನ ನಗಬೇಕೋ ಬೇಡವೋ ತಿಳಿಯದೆ ಉಸಿರು ಹಿಡಿದಿದ್ದರು. ಮೀನುಗಾರರ ಸಹಕಾರಿ ಸಂಘದ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ, ಮೂಗಿನಿಂದ ನಗು ಸಿಡಿಯಿತು. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ.

ಅಲ್ಲಿಂದ ಕವಿ ಓಡಿಹೋಗಬಹುದಿತ್ತು. ಅವನು ಮೆಲ್ಲಗೆ ಮೆಟ್ಟಿಲಿಳಿದು ಬಂದು ಸೊಂಟ ಬಾಗಿಸಿ ನಮಸ್ಕರಿಸಿದ. "ಆಗಸ್ಟು, ಕಾಲುಗುರು ಅಂತ ಬರೆದಿದ್ರೆ ರೆಕಾರ್ಡು ಯಾರು ಕೊಳ್ತಿದ್ರು, ತೊಕಿಯೆ ಅವ್ರೇ? ಅತ್ತದ್ದು ನಾನೇ. ಗಂಡಸು ಅಳೋ ಹಾಡು ಬೇಡ ಅಂದ್ರು ಕಂಪನಿಯವರು. ನನ್ನ ಅಳು ನಿಮಗೆ ಕೊಟ್ಟೆ."

ತೊಕಿಯೆ ಅವನನ್ನೇ ದಿಟ್ಟಿಸಿದಳು. ಬೈಗುಳ ಹುಡುಕುತ್ತಿದ್ದಾಳೆ ಅಂದುಕೊಂಡೆ. ಆದರೆ ಅವಳ ಕಣ್ಣು ಅವನ ಕತ್ತಿನ ಹಿಂಭಾಗಕ್ಕೆ ಹೋಗಿತ್ತು. "ಇದ್ಯಾವ ಅಡ್ಡಕಸುಬಿ ಕತ್ತರಿಸಿದ್ದು ನಿನ್ನ ಕೂದಲು? ಬಾ ಇಲ್ಲಿ."

ಸಮಾರಂಭ ಅರ್ಧಕ್ಕೇ ನಿಂತಿತು. ಕವಿ ಕ್ಷೌರದ ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು, ಕತ್ತರಿಯ ಕೆಳಗೆ ತಲೆ ಬಗ್ಗಿಸಿ ಕೂತ. ಬಾಗಿಲ ಬಳಿ ನಾವೆಲ್ಲ ಗುಂಪುಗಟ್ಟಿದೆವು. ಕತ್ತರಿಯ ಸದ್ದಿನ ನಡುವೆ ತೊಕಿಯೆ ಕೇಳಿದಳು, "ನಿಜವಾಗ್ಲೂ ಅಷ್ಟು ಅತ್ತಿದ್ಯೇನೋ?"

"ಮೂರು ದಿನ."

"ದಡ್ಡ. ಬಂದು ಕ್ಷಮೆ ಕೇಳಿದ್ರೆ ಸಾಕಿತ್ತಲ್ಲೋ." ಇದನ್ನವಳು ಬೈಯುವ ದನಿಯಲ್ಲಿ ಹೇಳಲಿಲ್ಲ. ಹೇಳಿದ ಮೇಲೆ ಒಂದೇ ಕಿವಿಯ ಸುತ್ತ ಬಹಳ ಹೊತ್ತು ಕತ್ತರಿ ಆಡಿಸಿದಳು.

ಮಧ್ಯಾಹ್ನ ಸಮುದಾಯ ಭವನದಲ್ಲಿ ಊಟವಾದ ಮೇಲೆ ಕರೋಕೆ. ಆ ಹಾಡನ್ನು ಎಂದೂ ಬಾಯಿಗೆ ತಂದುಕೊಳ್ಳದ ತೊಕಿಯೆ ತಾನೇ ಹೋಗಿ ಮೈಕು ಹಿಡಿದಳು. ಹಿಮ ಇದ್ದಲ್ಲೆಲ್ಲ ಬೆವರು, ಹೆಣ್ಣು ಇದ್ದಲ್ಲೆಲ್ಲ ಗಂಡು ಎಂದು ಮಾತು ಬದಲಿಸಿ ಕಣ್ಣು ಮುಚ್ಚಿ ಹಾಡಿದಳು. ಒಂದು ಸ್ವರವೂ ಅದರ ಜಾಗದಲ್ಲಿರಲಿಲ್ಲ. ಸಂಗೀತ ಒಂದು ಕಡೆ, ತೊಕಿಯೆ ಇನ್ನೊಂದು ಕಡೆ.

ಕವಿ ಮೊದಲು ನಕ್ಕ. ಎರಡನೆಯ ಚರಣಕ್ಕೆ ಬರುವಾಗ ಕೊರಳವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಸಾಹಿತ್ಯಕ್ಕೋ ಶ್ರುತಿಗೋ, ಹೇಳಬಲ್ಲವರು ಯಾರು? ಹಾಡು ಮುಗಿದದ್ದೇ ನಾವೆಲ್ಲ ಕೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆವು.

"ಹೇಗಿತ್ತೇ, ಯಾಸುಯೊ?"

"ಅಕ್ಕ, ಇನ್ನೊಂದ್ಸಲ ಹಾಡು" ಎಂದೆ. ಅವಳು ಹಾಡಿಯೇಬಿಟ್ಟಳು.