ಗುಲಾಬಿ ತೊಗಲಿನ ಬ್ಯಾಟರಿ

ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿದಾಗಲೇ ಬಹಗತ್‌ಗೆ ಗೊತ್ತಾಯಿತು, ಬ್ಯಾಟರಿ ಹಗುರ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ತೊಗಲು ಹೊಸದು, ಅದರ ಮೇಲಿನ ಅಕ್ಷರ ಹೊಳೆಯುತ್ತಿತ್ತು. ಒಳಗಿನದು ಮಾತ್ರ ಯಾವುದೋ ಗುಜರಿ ಸ್ಕೂಟರಿನ ಹೊಟ್ಟೆಯಿಂದ ಕಿತ್ತ ಹಳೇ ಮಾಲು. ಬಹಗತ್‌ನಂತೆ ವೇಪ್, ಅಂದರೆ ಬ್ಯಾಟರಿಯಿಂದ ಹೊಗೆ ಬರಿಸಿ ಎಳೆಯುವ ಕೊಳವೆ, ಮಾರುವ ಅಂಗಡಿಯವರು ಇಂಥದ್ದಕ್ಕೆ ‘ಬಟ್ಟೆ ಉಡಿಸಿದ್ದು’ ಎನ್ನುತ್ತಿದ್ದರು. ಅಗ್ಗಕ್ಕೆ ಸಿಕ್ಕಿತೆಂದು ಬಹಗತ್ ಒಂದು ಡಬ್ಬಿ ತುಂಬ ಕೊಂಡಿಟ್ಟಿದ್ದ, ಇನ್ನೂ ಒಂದನ್ನೂ ಮಾರಿರಲಿಲ್ಲ. ಅಸಲಿ ಬ್ಯಾಟರಿಗಳಲ್ಲಿ ಕೊನೆಯದನ್ನು ಮಧ್ಯಾಹ್ನ ಗಿರಾಕಿಯೊಬ್ಬ ಒಯ್ದಿದ್ದ.

ಹೊರಗೆ ಫುಟ್‌ಪಾತಿನ ಮೇಲೆ ಜನ ಸೇರಿದ್ದರು. ಪ್ರತಿ ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಹೊಗೆ ಬಿಡುವ ಪಂದ್ಯ. ಗೋಡೆಯುದ್ದಕ್ಕೂ ಅಳತೆಪಟ್ಟಿ ಅಂಟಿಸಿತ್ತು. ಯಾರ ಹೊಗೆ ಹೆಚ್ಚು ದೂರ ಚಾಚುತ್ತದೋ ಅವನು ಗೆದ್ದಂತೆ. ಟ್ರಾಮ್ ಹಳಿಯ ಆಚೆ ಇಂಥದ್ದೇ ಅಂಗಡಿ ಇಟ್ಟಿದ್ದ ಗಲಾಲ್ ತನ್ನ ಸರದಿ ಮುಗಿಸಿ, ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತ ನಿಂತಿದ್ದ.

"ಎಲ್ಲಪ್ಪಾ ಬಹಗತ್ ನಿನ್ನ ತುತ್ತೂರಿ? ಉಸಿರು ಸಾಲ ತರಕ್ಕೆ ಹೋದ್ನಾ?"

ತುತ್ತೂರಿ ಎಂದರೆ ಸಫ್ವತ್, ಬಹಗತ್‌ನ ತಂಗಿ ನಗ್ಲಾಳ ಗಂಡ. ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಅಲೆಕ್ಸಾಂಡ್ರಿಯದ ಆ ಬೀದಿಯಲ್ಲಿ ಅವನಷ್ಟು ಗಾಳಿ ಎಳೆಯುವ ಎದೆ ಇನ್ನೊಂದಿರಲಿಲ್ಲ. ಅವನು ಗೆದ್ದ ವಾರ ಬಹಗತ್‌ನ ಅಂಗಡಿಯಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಸಫ್ವತ್‌ನ ಸಂಸಾರ ನಡೆಯುತ್ತಿದ್ದುದು ಮಾತ್ರ ಎರಡು ತುಟಿಗಳ ಮೇಲೆ. ಚಳಿಗಾಲದಲ್ಲಿ ಅವು ಒಡೆಯದಂತೆ ನಗ್ಲಾ ತಾನೇ ಕೂತು ಆಲಿವ್ ಎಣ್ಣೆ ಸವರುತ್ತಿದ್ದಳು.

ಸಫ್ವತ್ ಅಂಗಡಿಯೊಳಗೆ ಮೇಜಿಗೆ ಬಗ್ಗಿ, ಕೊಳವೆಯೊಳಗೆ ಕಾದು ಹೊಗೆ ಎಬ್ಬಿಸುವ ದಪ್ಪ ತಂತಿಯ ಸುರುಳಿ ಸುತ್ತುತ್ತಿದ್ದ. ಸುರುಳಿಯ ತಡೆ ಕಮ್ಮಿಯಾದಷ್ಟೂ ಹೊಗೆ ಹೆಚ್ಚು, ಬ್ಯಾಟರಿಯಿಂದ ಹಿಂಡುವ ಕರೆಂಟೂ ಹೆಚ್ಚು. ಅವನ ಹಿತ್ತಾಳೆ ಕೊಳವೆಯಲ್ಲಿ, ಮಿತಿ ಮೀರಿದರೆ ತಡೆಯುವ ಚಿಪ್ ಗಿಪ್ ಏನೂ ಇರಲಿಲ್ಲ. ಗುಂಡಿ ಒತ್ತಿದರೆ ಇದ್ದದ್ದೆಲ್ಲ ಹರಿಯುತ್ತಿತ್ತು.

"ತಡೆ ಇಷ್ಟು ಕೆಳಗೆ ಯಾವತ್ತೂ ಇಳಿಸಿಲ್ಲ ಭಾವಾ," ಎಂದ ಮೀಟರು ನೋಡಿ. "ಬ್ಯಾಟರಿ ತಡ್ಕೊಳ್ಳುತ್ತಾ?"

"ಕಣ್ಣು ಕಾಣಲ್ವಾ? ನಲವತ್ತು ಆಂಪಿಯರ್ ಅಂತ ಮೇಲೇ ಬರ್ದಿದೆ."

"ಬರಿಯೋರು ಏನ್ ಬೇಕಾದ್ರೂ ಬರೀತಾರೆ. ಒಳ್ಳೇದಾ, ಬಟ್ಟೆ ಉಡಿಸಿದ್ದಾ? ಅದು ಹೇಳು."

ಬಹಗತ್ ಬ್ಯಾಟರಿಯನ್ನು ಅವನ ಕೈಗೆ ಕೊಡಲಿಲ್ಲ. ಕೊಟ್ಟರೆ ಅವನೂ ತೂಗಿ ನೋಡುತ್ತಿದ್ದ. ತಾನೇ ಕೊಳವೆಯೊಳಗೆ ಜಾರಿಸಿ ಮುಚ್ಚಳ ತಿರುಗಿಸಿದ.

"ತಂಗಿ ಗಂಡನ ಬಾಯಿಗೆ ಕಸ ಇಡ್ತೀನೇನೋ ನಾನು?"

"ಇಡೋನೇ ನೀನು. ನನ್ನ ಮದುವೇಲಿ ಹಳಸಿದ ಕೋಫ್ತಾ ಬಡಿಸಿದ್ಯಲ್ಲ," ಎಂದು ಸಫ್ವತ್ ನಕ್ಕ. ನಕ್ಕು ಕೊಳವೆ ತೆಗೆದುಕೊಂಡು ಹೊರಗೆ ಹೋದ.

ಬಹಗತ್ ಹಿಂದೆಯೇ ಹೋದ. ಅವನ ತಲೆಯಲ್ಲಿ ಮಾರದೆ ಉಳಿದ ಬ್ಯಾಟರಿ ಡಬ್ಬಿ ಕೂತಿತ್ತು. ಇಂಥ ಸುರುಳಿಯನ್ನು ಬೇರೆ ಯಾವ ಗಿರಾಕಿಯೂ ಹಾಕುವುದಿಲ್ಲ. ಇವತ್ತು ಇವನ ಕೈಯಲ್ಲಿ ತಡೆದುಕೊಂಡರೆ ಉಳಿದದ್ದನ್ನೆಲ್ಲ ಧೈರ್ಯವಾಗಿ ಮಾರಬಹುದು.

ಮೊದಲ ದಮ್ಮಿಗೆ ಬಿಳಿ ಹೊಗೆ ಗೋಡೆಗುಂಟ ಉರುಳಿ ಹೋಗಿ ಗಲಾಲ್‌ನ ಗುರುತಿನ ಹತ್ತಿರ ನಿಂತಿತು.

"ಅಯ್ಯೋ, ಮುಟ್ಟಲಿಲ್ಲವಲ್ಲೋ! ಇವತ್ತು ರಾತ್ರಿ ನೀನು ಊದೋ ಮದುವೇಲಿ ಮದುಮಗನ ಗತಿಯೂ ಹೀಗೇನಾ?" ಎಂದ ಗಲಾಲ್. ಜನ ಬಿದ್ದು ಬಿದ್ದು ನಕ್ಕರು.

ಸಫ್ವತ್ ಕೊಳವೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಬಹಗತ್‌ನ ಹತ್ತಿರ ಬಂದ. "ಸುಡ್ತಾ ಇದೆ. ಬೇರೆ ಹಾಕ್ಕೊಡು."

ಬಹಗತ್ ಮುಟ್ಟಿ ನೋಡಿದ. ಬೆರಳು ಇಡಲಾಗಲಿಲ್ಲ.

"ಬಿಸಿಯಾಗದೆ ಐಸ್ ಆಗುತ್ತಾ? ಇನ್ನೊಂದೇ ದಮ್ಮು. ಉದ್ದಕ್ಕೆ ಎಳಿ. ಗುಂಡಿ ಬಿಡಬೇಡ," ಎಂದ.

ಹಾಗೆಂದವನು ಹಿಂದಕ್ಕೆ ಸರಿದು ಅಂಗಡಿಯ ಬಾಗಿಲ ಹಿಂದೆ ನಿಂತುಕೊಂಡ.

ಸಫ್ವತ್ ಎರಡು ಕೈಯಿಂದ ಕೊಳವೆ ಹಿಡಿದು ಎದೆ ಹಿಗ್ಗಿಸಿ ಎಳೆದ. ಮೊದಲು ಸೀಟಿಯಂಥ ಸದ್ದು ಬಂತು. ಇದು ತುತ್ತೂರಿಯವನ ಚೇಷ್ಟೆ ಎಂದುಕೊಂಡು ಗಲಾಲ್ ಚಪ್ಪಾಳೆ ತಟ್ಟಿದ. ಆಮೇಲೆ ಕೊಳವೆ ಒಡೆಯಿತು. ಸಫ್ವತ್ ಕೂಗಲಿಲ್ಲ. ಕೂಗಬೇಕಾದ ಬಾಯಿ ಬಾಯಿಯಾಗಿ ಉಳಿದಿರಲಿಲ್ಲ. ಮೇಲ್ತುಟಿ ಅರ್ಧ ಹೋಗಿತ್ತು, ಮುಂದಿನ ಹಲ್ಲುಗಳು ಫುಟ್‌ಪಾತಿನಲ್ಲಿ ಬೀಜದ ಸಿಪ್ಪೆಗಳ ನಡುವೆ ಬಿದ್ದಿದ್ದವು. ಕೆಲವರು ಓಡಿದರು. ಉಳಿದವರು ವಿಡಿಯೊ ಹಿಡಿಯುತ್ತಿದ್ದ ಫೋನು ಇಳಿಸಲಿಲ್ಲ.

ಮಾರನೆಯ ದಿನ ಬೆಳಗ್ಗೆ ಬಹಗತ್ ಆಸ್ಪತ್ರೆಗೆ ಹೋದಾಗ ನಗ್ಲಾ ಮಂಚದ ಪಕ್ಕ ಕೂತಿದ್ದಳು. ಸಫ್ವತ್‌ನ ಬಾಯಿಗೆ ಹೊಲಿಗೆ ಹಾಕಿದ್ದರು, ಒಂದು ಮೂಲೆ ಮಾತ್ರ ಬಿಟ್ಟಿದ್ದರು. ಸುಟ್ಟ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು. ಕಣ್ಣು ತೆರೆದೇ ಇತ್ತು.

"ಇನ್ಮೇಲೆ ಊದಕ್ಕಾಗಲ್ಲ ಅಂದ್ರು ಡಾಕ್ಟ್ರು," ಎಂದಳು ನಗ್ಲಾ. ರಾತ್ರಿಯೆಲ್ಲ ಅತ್ತು ಅವಳ ದನಿ ಒಡೆದಿತ್ತು. "ಅಣ್ಣಾ, ನಿಜ ಹೇಳು. ಎಂಥ ಬ್ಯಾಟರಿ ಕೊಟ್ಟೆ?"

"ಒಳ್ಳೇದನ್ನೇ ಕೊಟ್ಟಿದ್ದೆ ಕಣೇ. ಸುರುಳಿ ಇವನೇ ತಪ್ಪು ಸುತ್ತಿದ. ಬಿಸಿಯಾಗಿದೆ, ಸಾಕು ನಿಲ್ಸೋ ಅಂದೆ. ಕೇಳಿದ್ನಾ? ಗಲಾಲ್ ಮುಂದೆ ಸೋಲಬಾರದು ಅಂತ ಹಟ."

ಸಫ್ವತ್ ತಲೆ ಎತ್ತಿದ. ಗಂಟಲಿನಿಂದ ದಪ್ಪ ಸದ್ದೊಂದು ಹೊರಟು ಹೊಲಿಗೆಯ ಹಿಂದೆ ಸಿಕ್ಕಿಕೊಂಡಿತು. ಮತ್ತೆ ಪ್ರಯತ್ನಿಸಿದ. ಬ್ಯಾಂಡೇಜು ಸುತ್ತಿದ ಕೈ ಬಹಗತ್‌ನ ಕಡೆಗೆ ಎದ್ದಿತು.

"ಏನಂತೆ? ಏನ್ ಹೇಳ್ತಿದಾರೆ ಅಣ್ಣಾ?"

"ನೀರು ಕೇಳ್ತಿದಾನೆ," ಎಂದ ಬಹಗತ್.

ನಗ್ಲಾ ಚಮಚದಲ್ಲಿ ನೀರು ತೆಗೆದು, ಹೊಲಿಯದೆ ಬಿಟ್ಟ ಮೂಲೆಗೆ ಹಿಡಿದಳು. ಸಫ್ವತ್ ತಲೆ ಅತ್ತ ತಿರುಗಿಸಿದ. ನೀರು ಗಲ್ಲದ ಮೇಲಿಂದ ಹರಿದು ಕಿವಿಯ ಹಿಂದೆ ದಿಂಬಿಗೆ ಇಳಿಯಿತು. ಅವಳು ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಿಂದ ಒರೆಸಿ, ಅವನ ಗದ್ದ ಹಿಡಿದು ನೆಟ್ಟಗೆ ಮಾಡಿ, ಇನ್ನೊಂದು ಚಮಚ ತುಂಬಿದಳು.