ಯಾವ ಅಮ್ಮನಿಗೆ

"ರಟ್ಟೆ ಆಮೇಲೆ ತೋರುಸ್ತೀನಿ ಸ್ವಾಮಿ. ಈ ದಾಕು ಯಾವ ಅಮ್ಮುಂಗೆ ಹಾಕೋದು, ಅದನ್ನ ಮೊದ್ಲು ಹೇಳ್ಬುಡಿ."

ಬೀರಕ್ಕ ತನ್ನ ಕೈಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ನಿಂತಿದ್ದಳು. ಸೆಟ್ಟೂರಿನ ಪಕ್ಕದ ಆ ಹಳ್ಳಿಯ ಬೇವಿನ ಕಟ್ಟೆಯ ಮೇಲೆ ದಾಕಿನ ಪೆಟ್ಟಿಗೆ ಬಿಚ್ಚಿ ಕೂತಿದ್ದ, ಊರೂರು ತಿರುಗಿ ಲಸಿಕೆ ಹಾಕುವ ವೆಂಕಟರಾಯಪ್ಪನ ಕೈ ಅಲ್ಲೇ ನಿಂತಿತು. ಕಲ್ಯಾಣದುರ್ಗದಿಂದ ಬರುವಾಗ ಬಸ್ಸಿನಲ್ಲೇ ಸುದ್ದಿ ಕಿವಿಗೆ ಬಿದ್ದಿತ್ತು: ಬೀರಕ್ಕನ ನಾಲ್ಕು ವರ್ಷದ ಮಗಳು ಪೋಲಮ್ಮ ಹೋಗಿಬಿಟ್ಟಳು.

ಹೋದ ವರ್ಷ ದಾಕು ಎಂದರೆ ಹಿತ್ತಿಲ ಬಾಗಿಲಿಂದ ಓಡುತ್ತಿದ್ದ ಹೆಂಗಸರನ್ನು ಒಲಿಸಿದ್ದು ಅವನ ನಾಲಿಗೆಯೇ. "ಇದೊಂದು ಹಾಕುಸ್ಕೊಳ್ರಮ್ಮ, ಇನ್ನು ಅಮ್ಮ ನಿಮ್ಮ ಹೊಸ್ಲು ತುಳಿಯಲ್ಲ" ಎಂದಿದ್ದ. ಅವನು ಹೇಳಿದ್ದು ಸಿಡುಬಿನ ಮಾತು. ಆದರೆ ಈ ಸೀಮೆಯಲ್ಲಿ ಸಿಡುಬು ದೊಡ್ಡಮ್ಮ, ದಡಾರ ಚಿಕ್ಕಮ್ಮ. ಕರೆಯುವುದು ಎರಡನ್ನೂ ಅಮ್ಮ ಎಂದೇ. ಹಿಂದೂಪುರದಲ್ಲಿ ಹುಟ್ಟಿ ಬೆಳೆದ ಅವನಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬಿಡಿಸಿ ಹೇಳಿದರೆ ಒಬ್ಬರೂ ತೋಳು ಕೊಡುವುದಿಲ್ಲವೆಂದು ಜಾಣತನ ಮಾಡಿದ್ದ.

ಬೀರಕ್ಕ ಮಾತ್ರ ಆ ಮಾತನ್ನು ದೇವರ ಮಾತಿನಂತೆ ನಂಬಿದಳು. ಅಕ್ಕನ ಮಗನಿಗೆ ಮೈತುಂಬ ದಡಾರ ಎದ್ದಾಗ, "ನಮ್ಮ ಪೋಲಮ್ಮಂಗೆ ದಾಕು ಆಗೈತೆ, ಅವಳಿಗೇನು ಭಯ" ಎಂದು, ಬೇವಿನ ಸೊಪ್ಪು ಬೀಸಲು ಮಗಳನ್ನೇ ಅವನ ಮಗ್ಗುಲಲ್ಲಿ ಕೂರಿಸಿದಳು. ಹುಡುಗ ಎದ್ದು ಓಡಾಡಿದ. ಪೋಲಮ್ಮ ಮಲಗಿದವಳು ಏಳಲಿಲ್ಲ.

"ಇದು ದೊಡ್ಡಮ್ಮ ಒಬ್ಬಳಿಗೇ ಕಣಮ್ಮ," ಎಂದ ವೆಂಕಟರಾಯಪ್ಪ, ತಲೆ ಎತ್ತದೆ. "ದಡಾರಕ್ಕೆ ಆಗಲ್ಲ. ಅವತ್ತೇ ಬಿಡಿಸಿ ಹೇಳ್ಬೇಕಾಗಿತ್ತು. ತಪ್ಪಾಯ್ತು ತಾಯಿ."

ಹಿಂದೆ ನಿಂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. "ಅಟ್ಲೈತೆ ಇದೆಂದುಕು? ಹಂಗಾದ್ರೆ ನಮಗ್ಯಾಕ್ ಬೇಕು ಇದು?" ಎಂದು ಇಬ್ಬರು ತಮ್ಮ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೊರಟೇಬಿಟ್ಟರು.

"ಅವತ್ತು ಹಿಂಗಂದಿದ್ರೆ ಅವಳನ್ನ ಅಲ್ಲಿ ಕುಂಡ್ರುಸ್ತಿರ್ಲಿಲ್ಲ ಸ್ವಾಮಿ," ಎಂದಳು ಬೀರಕ್ಕ. ಬೈಯಲಿಲ್ಲ. ಸೆರಗು ಸರಿಸಿ ಕೂಸಿನ ಎಡ ತೋಳನ್ನು ತಾನೇ ಮುಂದೆ ಹಿಡಿದಳು. "ಹಾಕಿ. ಆ ದೊಡ್ಡಮ್ಮ ಒಬ್ಬಳಾದ್ರೂ ದೂರ ಇರ್ಲಿ."

ಅವನು ದಾಕು ಹಾಕಿದ. ಕೂಸು ಕಿಟಾರನೆ ಕಿರುಚಿತು. ಮುಂದಿನವರನ್ನು ಕರೆಯಲು ತಲೆಯೆತ್ತಿದರೆ ಬೀರಕ್ಕ ಕದಲಿರಲಿಲ್ಲ. ಅಳುವ ಕೂಸನ್ನು ಮಗ್ಗುಲು ತಿರುಗಿಸಿ, ಬಲ ತೋಳಿನ ಅಂಗಿಯನ್ನು ಮೇಲೆತ್ತಿದಳು.

"ಇದುಕ್ಕೆ ಆ ಇನ್ನೊಬ್ಬ ಅಮ್ಮುಂದು ಹಾಕಿ."

"ಅಂಥ ದಾಕು ಇನ್ನೂ ನಮ್ಮ ಕಡೀಕೆ ಬಂದೇ ಇಲ್ಲ ತಾಯಿ."

ಅವಳು ಆ ಪುಟ್ಟ ತೋಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.